ವಸಂತದ ಪ್ರಾಗ್‌ನಲ್ಲಿ ಇಬ್ಬರು: ಮಂಡಿನೋವಿನ ಜೊತೆಗಾರರೊಂದಿಗೆ ನಾಲ್ಕು ದಿನ ಊರು ನೋಡುವ ಬಗೆ

ಪ್ರಾಗ್ ನಗರವನ್ನು ಚಿತ್ರಗಳಲ್ಲಿ ನೋಡಿದವರಿಗೆ ಅದು ನದಿಯ ದಡದ ಸಮತಟ್ಟಾದ ಊರಿನಂತೆ ಕಾಣುತ್ತದೆ. ಅಲ್ಲಿಗೆ ಹೋಗಿ ನಿಂತಾಗಲೇ ಅದು ಗುಡ್ಡಗಳ ಊರೆಂದು ತಿಳಿಯುವುದು. ವ್ಲತಾವಾ ನದಿಯ ಎಡದಂಡೆಯಲ್ಲಿ ಕೋಟೆಯ ಗುಡ್ಡವೂ ಪೆತ್ರಿನ್ ಗುಡ್ಡವೂ ಇವೆ, ದಕ್ಷಿಣಕ್ಕೆ ಹೋದರೆ ಬಲದಂಡೆಯಲ್ಲಿ ವಿಷೆಹ್ರಾದ್ ಎಂಬ ಇನ್ನೊಂದು ಕೋಟೆಗುಡ್ಡವಿದೆ, ಮತ್ತು ಇವೆಲ್ಲವನ್ನೂ ಜೋಡಿಸುವ ಬೀದಿಗಳಿಗೆ ಹಾಸಿರುವುದು ಚಿಕ್ಕ ಚಿಕ್ಕ ಕಲ್ಲು. ಒಬ್ಬರೇ ಹೋದರೆ ಇದು ಲೆಕ್ಕಕ್ಕೆ ಬರುವುದಿಲ್ಲ. ಇಬ್ಬರು ಹೋದಾಗ, ಅದರಲ್ಲೂ ಒಬ್ಬರ ಮಂಡಿ ಇನ್ನೊಬ್ಬರ ಮಂಡಿಯಷ್ಟು ಗಟ್ಟಿಯಿಲ್ಲದಿದ್ದಾಗ, ಇದಕ್ಕಿಂತ ದೊಡ್ಡ ವಿಷಯ ಬೇರೊಂದಿಲ್ಲ.

ನಾನು ಜರ್ಮನಿಯ ಡ್ರೆಸ್ಡೆನ್‌ನಲ್ಲಿ ನೌಕರಿಯಲ್ಲಿರುವವನು. ಮೈಸೂರಿನಿಂದ ಬಂದ ನನ್ನ ಅಕ್ಕನೊಂದಿಗೆ ಏಪ್ರಿಲ್ ಕೊನೆಯ ವಾರದಲ್ಲಿ ನಾಲ್ಕು ದಿನ ಪ್ರಾಗ್‌ನಲ್ಲಿದ್ದೆ. ಅಕ್ಕ ಅರವತ್ತು ದಾಟಿದ ನಿವೃತ್ತ ಶಿಕ್ಷಕಿ. ನಡೆಯಲು ಹುರುಪಿದೆ, ಬಲಮಂಡಿ ಮಾತ್ರ ಸಹಕರಿಸುವುದಿಲ್ಲ. ಮೊದಲ ದಿನ ನಾನು ಮಾಡಿದ ಯೋಜನೆ ಕೆಟ್ಟಿತು, ಉಳಿದ ದಿನಗಳದ್ದು ಸರಿಹೋಯಿತು. ಈ ಮಾರ್ಗದರ್ಶಿಯನ್ನು ಆ ಸರಿಹೋದ ಯೋಜನೆಯ ಆಧಾರದ ಮೇಲೆ ಬರೆದಿದ್ದೇನೆ.

ಮೊದಲ ಹೆಜ್ಜೆ: ವಾರವನ್ನು ಆರಿಸುವುದು

ಪ್ರಾಗ್‌ನಲ್ಲಿ ಮಾರ್ಚ್ ತಿಂಗಳನ್ನು ವಸಂತವೆಂದು ಕರೆಯುವುದು ಪಂಚಾಂಗದ ಮಾತು. ಮರಗಳು ಆಗಿನ್ನೂ ಬೋಳಾಗಿರುತ್ತವೆ. ಹೂ ನೋಡಬೇಕೆನ್ನುವವರು ಏಪ್ರಿಲ್ ನಡುವಿನಿಂದ ಮೇ ಮೊದಲ ವಾರದೊಳಗೆ ಹೋಗುವುದು ಒಳ್ಳೆಯದು. ಆ ಹೊತ್ತಿಗೆ ಪೆತ್ರಿನ್ ಗುಡ್ಡದ ಚೆರ್ರಿ, ಪೇರಳೆ ಮತ್ತು ಸೇಬಿನ ಮರಗಳು ಒಂದರ ಹಿಂದೊಂದು ಅರಳುತ್ತವೆ. ಕೋಟೆಯ ಸುತ್ತಲಿನ ಹೆಚ್ಚಿನ ಉದ್ಯಾನಗಳು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ತೆರೆದಿರುವುದರಿಂದ, ಮಾರ್ಚ್‌ನಲ್ಲಿ ಹೋದವರು ಮುಚ್ಚಿದ ಗೇಟುಗಳನ್ನು ನೋಡಿ ಬರಬೇಕಾಗುತ್ತದೆ. ಏಪ್ರಿಲ್ ಕೊನೆಗೆ ಸಂಜೆ ಎಂಟು ಗಂಟೆಯವರೆಗೂ ಬೆಳಕಿರುತ್ತದೆ, ಆದರೆ ಬೆಳಗಿನ ಹೊತ್ತು ನಾಲ್ಕೈದು ಡಿಗ್ರಿಯ ಚಳಿಯೂ ಇರುತ್ತದೆ. ಒಂದೇ ದಪ್ಪ ಕೋಟಿನ ಬದಲು ಎರಡು ಮೂರು ತೆಳುವಾದ ಪದರಗಳನ್ನು ಹಾಕಿಕೊಂಡು, ಮಧ್ಯಾಹ್ನ ಒಂದೊಂದಾಗಿ ತೆಗೆಯುವುದು ಜಾಣತನ. ಮಳೆ ಯಾವಾಗ ಬೇಕಾದರೂ ಹತ್ತು ನಿಮಿಷ ಬಂದು ಹೋಗುತ್ತದೆ, ಒದ್ದೆಯಾದ ಹಾಸುಗಲ್ಲು ಜಾರುತ್ತದೆ. ಆದ್ದರಿಂದ ಹಿಡಿತವಿರುವ ಬೂಟು ಕಡ್ಡಾಯ.

ಕೆಲವು ದಿನಾಂಕಗಳನ್ನು ಗುರುತು ಹಾಕಿಕೊಳ್ಳಿ. ಈಸ್ಟರ್ ವಾರದಲ್ಲಿ ಹಳೆಯ ಊರಿನ ಚೌಕದಲ್ಲಿ ಸಂತೆ ನಡೆಯುತ್ತದೆ. ಬಣ್ಣ ಬಳಿದ ಮೊಟ್ಟೆಗಳು, ವಿಲ್ಲೋ ಮರದ ಎಳೆಯ ಕೊಂಬೆಗಳಿಂದ ಹೆಣೆದ ಚಾವಟಿಗಳು ಅಲ್ಲಿ ಸಿಗುತ್ತವೆ. ನೋಡಲು ಚೆಂದ, ಜನಸಂದಣಿ ವಿಪರೀತ. ಮೇ 1ರಂದು ಹೂಬಿಟ್ಟ ಚೆರ್ರಿ ಮರದ ಕೆಳಗೆ ಮುತ್ತು ಪಡೆದ ಹೆಣ್ಣು ವರ್ಷವಿಡೀ ಬಾಡುವುದಿಲ್ಲ ಎಂಬುದು ಚೆಕ್ ಜನರ ನಂಬಿಕೆ. ಅಂದು ಪೆತ್ರಿನ್ ಗುಡ್ಡದಲ್ಲಿ, ಕವಿ ಮಾಖಾ ಅವರ ಪ್ರತಿಮೆಯ ಸುತ್ತ, ಜೋಡಿಗಳ ಜಾತ್ರೆಯೇ ಸೇರುತ್ತದೆ. ದಂಪತಿಗಳಿಗೆ ಅದು ತಕ್ಕ ದಿನ. ಅಕ್ಕನನ್ನು ಕರೆದುಕೊಂಡು ಹೋದ ತಮ್ಮನಿಗೆ ಅದರ ಹಿಂದಿನ ವಾರ ವಾಸಿ. ಈಸ್ಟರ್ ಸೋಮವಾರ ಮತ್ತು ಮೇ 8ರಂದು ಕಾನೂನಿನ ಪ್ರಕಾರ ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ, ಹಾಗಾಗಿ ಹಾಲು ಬ್ರೆಡ್ಡನ್ನು ಹಿಂದಿನ ದಿನವೇ ತಂದಿಟ್ಟುಕೊಳ್ಳಬೇಕು. ಸಂಗೀತದ ಆಸಕ್ತಿಯಿದ್ದರೆ ಪ್ರವಾಸವನ್ನು ಮೇ 12ರವರೆಗೆ ಮುಂದೂಡಬಹುದು: ಸಂಗೀತಕಾರ ಸ್ಮೆತಾನಾ ಅವರ ಪುಣ್ಯತಿಥಿಯಾದ ಅಂದು 1946ರಲ್ಲಿ ಆರಂಭವಾದ 'ಪ್ರಾಗ್ ವಸಂತ' ಸಂಗೀತೋತ್ಸವ ಪ್ರತಿವರ್ಷ ಶುರುವಾಗುತ್ತದೆ. ಆದರೆ ಆ ಹೊತ್ತಿಗೆ ಹಣ್ಣಿನ ಮರಗಳ ಹೂ ಬಹುತೇಕ ಉದುರಿರುತ್ತದೆ.

ಎರಡನೆಯ ಹೆಜ್ಜೆ: ವೀಸಾ ಮತ್ತು ದಾರಿ

ಚೆಕ್ ಗಣರಾಜ್ಯ 2007ರಿಂದ ಷೆಂಗೆನ್ ವಲಯದಲ್ಲಿದೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಗುಂಪಿನಲ್ಲಿ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು, ಮತ್ತು ಅದನ್ನು ಅತಿ ಹೆಚ್ಚು ದಿನ ತಂಗುವ ದೇಶದಿಂದ ಪಡೆಯಬೇಕು. ಅಕ್ಕ ಮೂರು ವಾರ ಜರ್ಮನಿಯಲ್ಲಿದ್ದು ನಾಲ್ಕು ದಿನ ಮಾತ್ರ ಪ್ರಾಗ್‌ನಲ್ಲಿ ಇರುವವಳಾಗಿದ್ದರಿಂದ ಜರ್ಮನಿಯ ವೀಸಾ ಪಡೆದಳು. ಪ್ರಾಗ್ ಒಂದನ್ನೇ ನೋಡಿ ಬರುವವರು ಚೆಕ್ ವೀಸಾಕ್ಕೇ ಅರ್ಜಿ ಹಾಕಬೇಕು. ಪ್ರವಾಸಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಕೊಡಬಹುದು, ಹದಿನೈದು ದಿನಕ್ಕಿಂತ ತಡ ಮಾಡುವಂತಿಲ್ಲ. ವಯಸ್ಕರಿಗೆ ಶುಲ್ಕ 90 ಯೂರೋ, ಮತ್ತು ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸಿ ವೈದ್ಯಕೀಯ ವಿಮೆ ಕಡ್ಡಾಯ. ವಸಂತಕ್ಕೆ ಹೋಗುವವರು ಜನವರಿಯಲ್ಲೇ ವೀಸಾ ಕೇಂದ್ರದ ಭೇಟಿಯ ಸಮಯವನ್ನು ಕಾಯ್ದಿರಿಸಿಕೊಂಡರೆ ಒಳ್ಳೆಯದು, ಏಕೆಂದರೆ ಬೇಸಿಗೆ ರಜೆಯ ಅರ್ಜಿಗಳೂ ಅದೇ ಹೊತ್ತಿಗೆ ಬಂದು ಸೇರುತ್ತವೆ.

ಬೆಂಗಳೂರಿನಿಂದ ಪ್ರಾಗ್‌ಗೆ ನೇರ ವಿಮಾನವಿಲ್ಲ. ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್ ಮೂಲಕ ಹೋದರೆ ವಲಸೆ ತಪಾಸಣೆ ಅಲ್ಲಿಯೇ ನಡೆಯುತ್ತದೆ. ದುಬೈ ಅಥವಾ ದೋಹಾ ಮೂಲಕ ಹೋದರೆ ಪ್ರಾಗ್‌ನಲ್ಲಿ ನಡೆಯುತ್ತದೆ. 2025ರ ಅಕ್ಟೋಬರ್‌ನಿಂದ ಷೆಂಗೆನ್ ಗಡಿಗಳಲ್ಲಿ ಬೆರಳಚ್ಚು ಮತ್ತು ಮುಖದ ಚಿತ್ರವನ್ನು ದಾಖಲಿಸುವ ಹೊಸ ವ್ಯವಸ್ಥೆ ಬಂದಿರುವುದರಿಂದ, ವಿಮಾನ ಬದಲಿಸುವ ನಡುವೆ ಎರಡೂವರೆ ಮೂರು ಗಂಟೆಯಾದರೂ ಇರುವಂತೆ ಟಿಕೆಟ್ ಮಾಡಿಸಿ. ಹೋಟೆಲ್ ಕಾಗದ, ವಿಮೆ ಮತ್ತು ಮರಳುವ ಟಿಕೆಟ್ಟಿನ ಪ್ರತಿಗಳನ್ನು ಇಬ್ಬರೂ ತಮ್ಮ ತಮ್ಮ ಕೈಚೀಲದಲ್ಲಿ ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು; ಸಾಲಿನಲ್ಲಿ ಇಬ್ಬರೂ ಒಟ್ಟಿಗೇ ಇರುತ್ತೀರಿ ಎಂಬ ಖಾತ್ರಿಯಿಲ್ಲ.

ಜರ್ಮನಿಯಲ್ಲಿ ಬಂಧುಗಳಿರುವವರು ಡ್ರೆಸ್ಡೆನ್‌ನಿಂದ ರೈಲಿನಲ್ಲಿ ಹೋಗುವುದನ್ನು ನಾನು ಬಲವಾಗಿ ಸೂಚಿಸುತ್ತೇನೆ. ಎರಡೂವರೆ ಗಂಟೆಯ ಆಸುಪಾಸಿನ ದಾರಿ, ಎಲ್ಬೆ ನದಿಯ ದಡದಲ್ಲೇ ಸಾಗುತ್ತದೆ. ಪ್ರಾಗ್ ಕಡೆಗೆ ಹೋಗುವಾಗ ಎಡಬದಿಯ ಕಿಟಕಿಯಲ್ಲಿ ಕುಳಿತರೆ ನದಿಯೂ ಅದರಾಚೆಯ ಮರಳುಗಲ್ಲಿನ ಬಂಡೆಗಳೂ ಕಾಣುತ್ತವೆ. ಬಲಬದಿಯಲ್ಲಿ ಕುಳಿತವರಿಗೆ ಗುಡ್ಡದ ಮಗ್ಗುಲೇ ಗತಿ. ನಿಲ್ದಾಣದ ಫಲಕಗಳಲ್ಲಿ ಊರಿನ ಹೆಸರು 'ಪ್ರಾಹಾ' ಎಂದಿರುತ್ತದೆ, ಗಾಬರಿಯಾಗಬೇಡಿ.

ಮೂರನೆಯ ಹೆಜ್ಜೆ: ಉಳಿಯುವ ಜಾಗ

ಹಳೆಯ ಊರಿನ ನಡುವೆಯೇ ಕೋಣೆ ಹಿಡಿಯುವ ಆಸೆಯನ್ನು ಬಿಡಿ. ಅಲ್ಲಿ ಬಾಡಿಗೆಯೂ ಹೆಚ್ಚು, ರಾತ್ರಿಯ ಗದ್ದಲವೂ ಹೆಚ್ಚು, ಗಾಲಿಯ ಸೂಟ್‌ಕೇಸನ್ನು ಹಾಸುಗಲ್ಲಿನ ಮೇಲೆ ಎಳೆಯುವ ಸದ್ದು ಬೆಳಗಿನ ನಾಲ್ಕಕ್ಕೂ ಕೇಳುತ್ತದೆ. ವಿನೊಹ್ರಾಡಿ, ದೇಯ್ವಿತ್ಸೆ, ಕಾರ್ಲೀನ್ ಮುಂತಾದ ಬಡಾವಣೆಗಳಲ್ಲಿ, ಟ್ರಾಮ್ ನಿಲ್ದಾಣದಿಂದ ಮುನ್ನೂರು ಹೆಜ್ಜೆಯೊಳಗೆ, ಅಡುಗೆಮನೆಯಿರುವ ಒಂದು ಸಣ್ಣ ಮನೆಯನ್ನು ಹಿಡಿಯಿರಿ. ಕಾಯ್ದಿರಿಸುವ ಮುನ್ನ ಒಂದು ಪ್ರಶ್ನೆಯನ್ನು ಬರಹದಲ್ಲಿ ಕೇಳಿ ಉತ್ತರ ಪಡೆಯಿರಿ: ಲಿಫ್ಟ್ ಇದೆಯೇ, ಇದ್ದರೆ ಅದು ಯಾವ ಮಟ್ಟದಿಂದ ಶುರುವಾಗುತ್ತದೆ? ಹಳೆಯ ಕಟ್ಟಡಗಳಲ್ಲಿ ಬೀದಿಯಿಂದ ಲಿಫ್ಟಿನವರೆಗೇ ಎಂಟು ಹತ್ತು ಮೆಟ್ಟಿಲು ಹತ್ತಬೇಕಾಗುವುದುಂಟು. 'ಲಿಫ್ಟ್ ಇದೆ' ಎಂಬ ಒಂದೇ ಮಾತನ್ನು ನಂಬಿ ಹೋದ ನಮಗೆ ದಿನಕ್ಕೆ ನಾಲ್ಕು ಬಾರಿ ಆ ಹತ್ತು ಮೆಟ್ಟಿಲು ಎದುರಾಗುತ್ತಿತ್ತು.

ದೇಯ್ವಿತ್ಸೆಯಲ್ಲಿ ಉಳಿದವರಿಗೆ ಒಂದು ಆಕಸ್ಮಿಕ ಸಂತೋಷ ಕಾದಿದೆ. ರವೀಂದ್ರನಾಥ ಟಾಗೋರ್ 1921 ಮತ್ತು 1926ರಲ್ಲಿ ಪ್ರಾಗ್‌ಗೆ ಬಂದಿದ್ದರು. ಅಲ್ಲಿನ ಒಂದು ಬೀದಿಗೆ ಅವರ ಹೆಸರಿದೆ. ಚೆಕ್ ಉಚ್ಚಾರದಲ್ಲಿ ಅದು 'ಠಾಕುರೋವಾ' ಎಂದಾಗಿದೆ.

ನಾಲ್ಕನೆಯ ಹೆಜ್ಜೆ: ದುಡ್ಡು

ಚೆಕ್ ಗಣರಾಜ್ಯ ಯೂರೋಪಿಯನ್ ಒಕ್ಕೂಟದಲ್ಲಿದ್ದರೂ ಅಲ್ಲಿ ನಡೆಯುವ ನಾಣ್ಯ ಕೊರುನಾ. ಹೆಚ್ಚಿನ ಕಡೆ ಕಾರ್ಡ್ ನಡೆಯುತ್ತದೆ. ಸಾರ್ವಜನಿಕ ಶೌಚಾಲಯ, ಸಂತೆ, ಸಣ್ಣ ಅಂಗಡಿಗಳಿಗೆ ಸ್ವಲ್ಪ ನಗದು ಇರಲಿ. ಎಟಿಎಂ ನಿಮ್ಮ ದೇಶದ ಹಣದಲ್ಲಿ ಲೆಕ್ಕ ಹಾಕಲೇ ಎಂದು ಕೇಳಿದರೆ ಬೇಡವೆಂದು, ಕೊರುನಾದಲ್ಲೇ ಎಂದು ಒತ್ತಿ. ಇಲ್ಲವಾದರೆ ಯಂತ್ರ ತನಗೆ ಲಾಭವಾಗುವ ದರವನ್ನು ಹಾಕಿಕೊಳ್ಳುತ್ತದೆ.

ಪ್ರವಾಸಿಗರ ಬೀದಿಗಳ ಹಣ ಬದಲಾವಣೆಯ ಗೂಡುಗಳಿಂದ ದೂರವಿರಿ. ದಪ್ಪ ಅಕ್ಷರದಲ್ಲಿ ಬರೆದ ಒಳ್ಳೆಯ ದರ ಅವರು ಯೂರೋ ಮಾರುವ ದರವಾಗಿರಬಹುದು, ಕೊಳ್ಳುವ ದರವಲ್ಲ. ಇದು ಗೊತ್ತಿದ್ದೂ ನಾನು ಅವಸರದಲ್ಲಿ ಒಂದು ಗೂಡಿನಲ್ಲಿ ನೂರು ಯೂರೋ ಕೊಟ್ಟು, ರಸೀದಿ ನೋಡಿದಾಗ ಸುಮಾರು ಇಪ್ಪತ್ತು ಯೂರೋ ಕೈಬಿಟ್ಟಿರುವುದು ಗೊತ್ತಾಯಿತು. ಉಳಿಸಿದ್ದು ಆ ರಸೀದಿಯೇ. 2019ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ, 1,000 ಯೂರೋವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ಕಾರಣ ಕೊಡದೆ ರದ್ದು ಮಾಡುವ ಹಕ್ಕು ಗ್ರಾಹಕನಿಗಿದೆ. ಅರ್ಧ ಗಂಟೆಯಲ್ಲಿ ಹಿಂದಿರುಗಿ, ರಸೀದಿಯನ್ನೂ ಕೊರುನಾ ನೋಟುಗಳನ್ನೂ ಮುಂದಿಟ್ಟು 'ರದ್ದು' ಎಂದೆ. ಗಾಜಿನ ಹಿಂದಿನ ವ್ಯಕ್ತಿ ಮುಖ ಎತ್ತದೆ ನೂರರ ನೋಟನ್ನು ತಳ್ಳಿದರು.

ಐದನೆಯ ಹೆಜ್ಜೆ: ಟ್ರಾಮ್ ಮತ್ತು ಮೆಟ್ರೋ

ವಿಮಾನದಲ್ಲಿ ಬಂದವರು ನಿಲ್ದಾಣದ ಹೊರಗೆ 59ನೆಯ ಸಂಖ್ಯೆಯ ಟ್ರಾಲಿಬಸ್ ಹಿಡಿದು ನಾದ್ರಾಜೀ ವೆಲೆಸ್ಲಾವೀನ್ ಎಂಬಲ್ಲಿ ಇಳಿದು, ಹಸಿರು ಬಣ್ಣದ 'ಎ' ಮೆಟ್ರೋ ಮಾರ್ಗವನ್ನು ಸೇರಬಹುದು. ಊರೊಳಗೆ ಟ್ರಾಮ್, ಮೆಟ್ರೋ, ಬಸ್ಸು ಮೂರಕ್ಕೂ ಒಂದೇ ಟಿಕೆಟ್. ಅದು ದೂರದ ಲೆಕ್ಕವಲ್ಲ, ಹೊತ್ತಿನ ಲೆಕ್ಕ. ಮಂಡಿನೋವಿನವರೊಂದಿಗೆ ಹೋದವರು ಎರಡು ಯೋಚನೆ ಮಾಡದೆ 24 ಅಥವಾ 72 ಗಂಟೆಯ ಟಿಕೆಟ್ ಕೊಳ್ಳಬೇಕು. ಕೈಯಲ್ಲಿ ಅಂಥ ಟಿಕೆಟ್ ಇದ್ದರೆ ಒಂದೇ ನಿಲ್ದಾಣದಷ್ಟು ದೂರಕ್ಕೂ ಟ್ರಾಮ್ ಹತ್ತಲು ಮನಸ್ಸು ಬರುತ್ತದೆ. ಬಿಡಿ ಟಿಕೆಟ್ ಕೊಂಡವರು 'ಇಷ್ಟು ದೂರಕ್ಕೇಕೆ, ನಡೆದೇ ಹೋಗೋಣ' ಎಂದು ಜೊತೆಯವರನ್ನು ದಣಿಸುತ್ತಾರೆ.

ಕಾಗದದ ಟಿಕೆಟ್ಟನ್ನು ಮೊದಲ ಬಾರಿ ಹತ್ತುವಾಗ ಹಳದಿ ಯಂತ್ರದಲ್ಲಿ ತೂರಿಸಿ ಮುದ್ರೆ ಹಾಕಿಸಬೇಕು, ಒಮ್ಮೆ ಮಾತ್ರ. ಟ್ರಾಮಿನೊಳಗಿನ ಯಂತ್ರಕ್ಕೆ ಕಾರ್ಡ್ ಮುಟ್ಟಿಸಿ ಕೊಂಡ ಟಿಕೆಟ್ಟಿಗೆ ಮುದ್ರೆ ಬೇಕಿಲ್ಲ. ಮುದ್ರೆಯಿಲ್ಲದ ಟಿಕೆಟ್ ಟಿಕೆಟ್ಟೇ ಅಲ್ಲ; ಸಾದಾ ಉಡುಪಿನ ತಪಾಸಕರು ಬಿಲ್ಲೆ ತೋರಿಸಿ ದಂಡ ಹಾಕುತ್ತಾರೆ. ಮೆಟ್ರೋ ಆಳದಲ್ಲಿದೆ, ಅದರ ಎಸ್ಕಲೇಟರುಗಳು ನಮಗೆ ರೂಢಿಯಿರುವುದಕ್ಕಿಂತ ವೇಗವಾಗಿ ಓಡುತ್ತವೆ, ಮತ್ತು ಎಲ್ಲ ನಿಲ್ದಾಣಗಳಲ್ಲೂ ಲಿಫ್ಟ್ ಇಲ್ಲ. ಹಾಗಾಗಿ ಹಿರಿಯರಿಗೆ ಟ್ರಾಮೇ ಮೇಲು. ವಸಂತದಲ್ಲಿ ಹಳಿ ದುರಸ್ತಿಯ ಕಾರಣ ಮಾರ್ಗ ಬದಲಾಗುವುದುಂಟು, ನಿಲ್ದಾಣದಲ್ಲಿ ಅಂಟಿಸಿದ ಹಳದಿ ಚೀಟಿಗಳತ್ತ ಒಂದು ಕಣ್ಣಿರಲಿ.

ಆರನೆಯ ಹೆಜ್ಜೆ: ಕೋಟೆಯ ದಿನ

ನಾನು ತಪ್ಪು ಮಾಡಿದ್ದು ಇಲ್ಲಿ. 22ನೆಯ ಟ್ರಾಮಿನಲ್ಲಿ ಕೋಟೆಗೆ ಹತ್ತಿ, ಪೂರ್ವದ ಬಾಗಿಲಿನಿಂದ ಹಳೆಯ ಕೋಟೆ ಮೆಟ್ಟಿಲುಗಳ ಮೂಲಕ ಇಳಿಯುವುದು ನನ್ನ ಯೋಜನೆಯಾಗಿತ್ತು. ಹತ್ತುವ ಶ್ರಮ ಉಳಿಯಿತಲ್ಲ, ಇಳಿಯುವುದಕ್ಕೇನು ಎಂದುಕೊಂಡಿದ್ದೆ. ಮೂವತ್ತು ಮೆಟ್ಟಿಲು ಇಳಿಯುವಷ್ಟರಲ್ಲಿ ಅಕ್ಕ ಗೋಡೆಗೆ ಕೈಯೂರಿ ನಿಂತಳು. "ಹತ್ತೋದಲ್ಲ ಕಣೋ, ಇಳಿಯೋದೇ ನನಗೆ ಕಷ್ಟ. ಶ್ರವಣಬೆಳಗೊಳದಲ್ಲಿ ನೋಡಿರಲಿಲ್ವಾ?" ಎಂದಳು. ನೋಡಿದ್ದೆ, ನೆನಪಿರಲಿಲ್ಲ. ಇಳಿಯುವಾಗ ದೇಹದ ಭಾರವೆಲ್ಲ ಬಾಗಿದ ಮಂಡಿಯ ಮೇಲೆ ಬೀಳುತ್ತದೆ, ಹಾಗಾಗಿ ಮಂಡಿನೋವಿನವರಿಗೆ ಮೆಟ್ಟಿಲಿಳಿಯುವುದು ಹತ್ತುವುದಕ್ಕಿಂತ ಹಿಂಸೆ. ಉಳಿದ ತೊಂಬತ್ತು ಚಿಲ್ಲರೆ ಮೆಟ್ಟಿಲುಗಳಿಗೆ ನಮಗೆ ಅರ್ಧ ಗಂಟೆ ಹಿಡಿಯಿತು, ಅಂದಿನ ಮಧ್ಯಾಹ್ನ ಪೂರ್ತಿ ಹೋಯಿತು.

ಸರಿಯಾದ ಕ್ರಮ ಹೀಗಿದೆ. ಬೆಳಗ್ಗೆ ಎಂಟೂವರೆಯೊಳಗೆ 22ನೆಯ ಟ್ರಾಮ್ ಹಿಡಿದು ಕ್ರಾಲೊವ್‌ಸ್ಕೀ ಲೆತೊಹ್ರಾದೆಕ್ ನಿಲ್ದಾಣದಲ್ಲಿ ಇಳಿಯಿರಿ. ಹೆಸರಿನ ಅರ್ಥ 'ರಾಜರ ಬೇಸಿಗೆ ಅರಮನೆ'. ಮುಂದಿನ ನಿಲ್ದಾಣ ಪ್ರಾಜ್‌ಸ್ಕೀ ಹ್ರಾದ್, ಅಂದರೆ ಕೋಟೆ. ಎಲ್ಲರೂ ಇಳಿಯುವುದು ಅಲ್ಲಿ. ಆದರೆ ಒಂದು ನಿಲ್ದಾಣ ಮೊದಲೇ ಇಳಿದರೆ ರಾಜೋದ್ಯಾನದೊಳಗಿನಿಂದ, ಟ್ಯೂಲಿಪ್ ಸಾಲುಗಳ ನಡುವೆ, ಹೆಚ್ಚುಕಡಿಮೆ ಸಮತಟ್ಟಾದ ದಾರಿಯಲ್ಲಿ ಕೋಟೆ ಸೇರಬಹುದು. ಉದ್ಯಾನದ ತುದಿಯಲ್ಲಿ ಹೊರಬಂದು ಕಂದಕದ ಮೇಲಿನ ಸೇತುವೆ ದಾಟಿದರೆ ಕೋಟೆಯ ಎರಡನೆಯ ಅಂಗಳ. ಕೋಟೆಯ ಅಂಗಳಗಳು ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ತೆರೆದಿರುತ್ತವೆ, ಅವಕ್ಕೆ ಟಿಕೆಟ್ ಇಲ್ಲ. ಟಿಕೆಟ್ ಬೇಕಾದ ಕಟ್ಟಡಗಳು ಏಪ್ರಿಲ್‌ನಿಂದ 9ರಿಂದ 5ರವರೆಗೆ ತೆರೆದಿರುತ್ತವೆ. ಟಿಕೆಟ್ ಎರಡು ದಿನ ನಡೆಯುತ್ತದೆ, ಪ್ರತಿ ಕಟ್ಟಡಕ್ಕೂ ಒಂದು ಬಾರಿ. ಈ ಎರಡು ದಿನದ ಸೌಲಭ್ಯವನ್ನು ಹೆಚ್ಚಿನವರು ಬಳಸುವುದೇ ಇಲ್ಲ. ದಣಿದವರು ಎರಡು ಕಟ್ಟಡ ಇಂದು, ಎರಡು ನಾಳೆ ಎಂದು ಹಂಚಿಕೊಳ್ಳಬಹುದು.

ಮೊದಲು ಸೇಂಟ್ ವೀಟಸ್ ಕೆಥೆಡ್ರಲ್. ಒಂಬತ್ತಕ್ಕೆ ಬಾಗಿಲು ತೆರೆದಾಗ ಒಳಗಿರುವ ಮೌನ ಹತ್ತೂವರೆಗೆ ಇರುವುದಿಲ್ಲ. ಭಾನುವಾರ ಬೆಳಗ್ಗೆ ಪೂಜೆಯಿರುವುದರಿಂದ ಪ್ರವಾಸಿಗರಿಗೆ ಮಧ್ಯಾಹ್ನದ ನಂತರವೇ ಪ್ರವೇಶ. ಈ ಕಟ್ಟಡದ ಕೆಲಸ 1344ರಲ್ಲಿ ಶುರುವಾಗಿ ಮುಗಿದದ್ದು 1929ರಲ್ಲಿ, ಆದ್ದರಿಂದ ಇದರ ಒಂದು ತುದಿ ಮಧ್ಯಯುಗದ್ದು, ಇನ್ನೊಂದು ತುದಿ ನಮ್ಮ ಅಜ್ಜಂದಿರ ಕಾಲದ್ದು. ಎಡಗಡೆಯ ಸಾಲಿನಲ್ಲಿ ಚೆಕ್ ಚಿತ್ರಕಾರ ಆಲ್ಫಾನ್ಸ್ ಮೂಖಾ ಅವರ ಬಣ್ಣದ ಗಾಜಿನ ಕಿಟಕಿಯಿದೆ. ಅದರ ನೀಲಿ ಕೆಂಪುಗಳ ನೆರಳು ಎದುರಿನ ಕಂಬದ ಮೇಲೆ ಬಿದ್ದು, ಮೋಡ ಸರಿದಂತೆಲ್ಲ ಮಸುಕಾಗಿ ಮತ್ತೆ ಹೊಳೆಯುವುದನ್ನು ಅಕ್ಕ ಕುರ್ಚಿಯಲ್ಲಿ ಕುಳಿತು ಇಪ್ಪತ್ತು ನಿಮಿಷ ನೋಡಿದಳು. ದಕ್ಷಿಣ ಗೋಪುರಕ್ಕೆ 287 ಮೆಟ್ಟಿಲು, ಅದಕ್ಕೆ ಬೇರೆ ಟಿಕೆಟ್. ಇಬ್ಬರಲ್ಲಿ ಒಬ್ಬರು ಹತ್ತುವುದಾದರೆ ಇನ್ನೊಬ್ಬರಿಗೆ ಕೆಥೆಡ್ರಲ್ಲಿನೊಳಗೆ ಕುಳಿತಿರಲು ಹೇಳಿ ಹೋಗಿ, ಹೊರಗಿನ ಗಾಳಿಯಲ್ಲಿ ನಿಲ್ಲಿಸಬೇಡಿ.

ಅನಂತರ ಹಳೆಯ ಅರಮನೆಯ ವ್ಲಾದಿಸ್ಲಾವ್ ಸಭಾಂಗಣ. ನಡುವೆ ಒಂದೂ ಕಂಬವಿಲ್ಲದ ಇಷ್ಟು ದೊಡ್ಡ ಸಭಾಂಗಣದಲ್ಲಿ ಕುದುರೆ ಸವಾರರ ಈಟಿಯಾಟ ನಡೆಯುತ್ತಿತ್ತು. ಕುದುರೆಗಳು ಹತ್ತಿ ಬರಲೆಂದೇ ಮಾಡಿದ ಅಗಲವಾದ ಗಿಡ್ಡ ಮೆಟ್ಟಿಲುಗಳು ಇಂದಿಗೂ ಇವೆ, ಮಂಡಿನೋವಿನವರಿಗೆ ಇಡೀ ಕೋಟೆಯಲ್ಲಿ ಹೇಳಿ ಮಾಡಿಸಿದ ಮೆಟ್ಟಿಲೆಂದರೆ ಇವೇ. ಪಕ್ಕದ ಕೋಣೆಯ ಕಿಟಕಿಯಿಂದ 1618ರ ಮೇ 23ರಂದು ಇಬ್ಬರು ರಾಜಪ್ರತಿನಿಧಿಗಳನ್ನೂ ಅವರ ಗುಮಾಸ್ತನನ್ನೂ ಹೊರಗೆಸೆದರು. ಮೂವರೂ ಬದುಕಿದರು, ಆದರೆ ಅದರಿಂದ ಹೊತ್ತಿಕೊಂಡ ಯುದ್ಧ ಮೂವತ್ತು ವರ್ಷ ಯೂರೋಪನ್ನು ಸುಟ್ಟಿತು. ಚಿನ್ನದ ಓಣಿಯ ಪುಟ್ಟ ಮನೆಗಳಲ್ಲಿ 22ನೆಯದು ಲೇಖಕ ಕಾಫ್ಕಾ ಅವರು ಬರೆಯಲು ಬಳಸಿದ್ದು. ಹೊರಗಿನಿಂದ ನೋಡಿದರೆ ಸಾಕು, ಅಲ್ಲಿನ ನೂಕುನುಗ್ಗಲಿನಲ್ಲಿ ಒಳಹೋಗಿ ಪಡೆಯುವುದು ಹೆಚ್ಚೇನಿಲ್ಲ.

ಇಳಿಯುವಾಗ ಬಂದ ದಾರಿಯಲ್ಲೇ ಹಿಂದಿರುಗಿ, ಕೋಟೆ ನಿಲ್ದಾಣದಲ್ಲಿ 22ನೆಯ ಟ್ರಾಮ್ ಹತ್ತಿ, ಎರಡನೆಯ ನಿಲ್ದಾಣವಾದ ಮಾಲೊಸ್ತ್ರಾನ್ಸ್ಕಾದಲ್ಲಿ ಇಳಿಯಿರಿ. ಗಟ್ಟಿ ಮಂಡಿಯವರು ಬೇಕಾದರೆ ಮೆಟ್ಟಿಲಿಳಿದು ಬಂದು ಅಲ್ಲಿ ಸೇರಿಕೊಳ್ಳಲಿ. ಮೆಟ್ರೋ ನಿಲ್ದಾಣದ ಪಕ್ಕದಲ್ಲೇ ವಾಲೆನ್‌ಸ್ಟೈನ್ ಉದ್ಯಾನದ ಬಾಗಿಲಿದೆ. ಈಗ ಅದು ಚೆಕ್ ಸಂಸತ್ತಿನ ಮೇಲ್ಮನೆಯ ಅಂಗಳ. ಪ್ರವೇಶ ಉಚಿತ, ನವಿಲುಗಳು ಅಡ್ಡಾಡುತ್ತವೆ, ಬೆಂಚುಗಳು ಧಾರಾಳ. ಅಲ್ಲಿನ ಕಂಚಿನ ಪ್ರತಿಮೆಗಳು ನಕಲು, ಅಸಲನ್ನು 1648ರಲ್ಲಿ ಸ್ವೀಡನ್ನಿನ ಸೈನ್ಯ ಕೊಂಡೊಯ್ಯಿತು.

ಏಳನೆಯ ಹೆಜ್ಜೆ: ಹೂವಿನ ಗುಡ್ಡ

ಪೆತ್ರಿನ್ ಗುಡ್ಡಕ್ಕೆ ಹೋಗುವ ಹಳಿಬಂಡಿ 2024ರ ಸೆಪ್ಟೆಂಬರ್‌ನಲ್ಲಿ ಮರುನಿರ್ಮಾಣಕ್ಕಾಗಿ ನಿಂತಿತು, ನಾವು ಹೋದಾಗ ಓಡುತ್ತಿರಲಿಲ್ಲ. ಹೊರಡುವ ಮುನ್ನ ವಿಚಾರಿಸಿ. ಓಡದಿದ್ದರೂ ಚಿಂತೆಯಿಲ್ಲ, ಅದಕ್ಕಿಂತ ಸೊಗಸಾದ ದಾರಿ ಇನ್ನೊಂದಿದೆ. ಅದೇ 22ನೆಯ ಟ್ರಾಮಿನಲ್ಲಿ ಕೋಟೆಯನ್ನೂ ದಾಟಿ ಪೊಹೊರ್ಜೆಲೆಟ್ಸ್ ನಿಲ್ದಾಣದವರೆಗೆ ಹೋಗಿ. ಸ್ವಲ್ಪ ನಡೆದರೆ 1143ರಲ್ಲಿ ಸ್ಥಾಪನೆಯಾದ ಸ್ಟ್ರಾಹೋವ್ ಮಠ ಸಿಗುತ್ತದೆ. ಅದರ ಹಳೆಯ ಗ್ರಂಥಾಲಯದ ಎರಡು ಸಭಾಂಗಣಗಳನ್ನು ಬಾಗಿಲಲ್ಲಿ ನಿಂತು ನೋಡಿ ಮುಂದೆ ಬಂದರೆ, ಗುಡ್ಡದ ಸೊಂಟವನ್ನು ಸುತ್ತಿಕೊಂಡು ಪೆತ್ರಿನ್ ಕಡೆಗೆ ಹೋಗುವ ಕಾಲುದಾರಿ ಸಿಗುತ್ತದೆ. ಏರಿಳಿತ ಬಹಳ ಕಡಿಮೆ. ಎಡಕ್ಕೆ ಹಣ್ಣಿನ ತೋಪು ಇಳಿಜಾರಿನಲ್ಲಿ ಹರಡಿದೆ, ಹೂಗಳ ಬಿಳುಪಿನಾಚೆ ಊರಿನ ಕೆಂಪು ಹಂಚುಗಳು, ಅದರಾಚೆ ನದಿ. ಗಾಳಿ ಬೀಸಿದಾಗ ಉದುರಿದ ಎಸಳುಗಳು ಅಕ್ಕನ ಉಣ್ಣೆ ಶಾಲಿಗೆ ಅಂಟಿಕೊಂಡು, ರಾತ್ರಿ ಮಡಿಸುವಾಗ ಕೋಣೆಯ ನೆಲದ ಮೇಲೆ ಬಿದ್ದವು.

ಗುಡ್ಡದ ಮೇಲೆ 1891ರ ಉಕ್ಕಿನ ವೀಕ್ಷಣಾ ಗೋಪುರವಿದೆ, 299 ಮೆಟ್ಟಿಲು. ಕಾಲುದಾರಿಯಲ್ಲೇ ಸಿಕ್ಕ ನೋಟದ ಮೇಲೆ ಅದು ಹೆಚ್ಚೇನೂ ಕೊಡುವುದಿಲ್ಲ. ಮರಳುವಾಗ ಬಂದ ದಾರಿಯಲ್ಲೇ ಟ್ರಾಮಿಗೆ ಹೋಗಬಹುದು, ಅಥವಾ ತೋಪಿನ ನಡುವಿನ ಅಂಕುಡೊಂಕಾದ ಇಳಿಜಾರಿನಲ್ಲಿ, ಮೆಟ್ಟಿಲುಗಳನ್ನು ತಪ್ಪಿಸಿ, ಊರುಗೋಲು ಹಿಡಿದು ನಿಧಾನವಾಗಿ ಊಯೆಜ್ದ್ ಬೀದಿಗೆ ಇಳಿಯಬಹುದು. ಅಕ್ಕ ಎರಡನೆಯದನ್ನೇ ಆರಿಸಿದಳು.

ಎಂಟನೆಯ ಹೆಜ್ಜೆ: ಸೇತುವೆ ಮತ್ತು ಹಳೆಯ ಊರು

ಚಾರ್ಲ್ಸ್ ಸೇತುವೆಯನ್ನು ಬೆಳಗ್ಗೆ ಆರೂವರೆಗೆ ನೋಡಬೇಕು, ಇಲ್ಲವೇ ನೋಡದೆ ಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಹತ್ತು ಗಂಟೆಯ ನಂತರ ಅಲ್ಲಿ ಕಾಣುವುದು ಮುಂದಿನವರ ಬೆನ್ನು ಮಾತ್ರ, ಜೇಬುಗಳ್ಳರ ಕಾಟ ಬೇರೆ. 516 ಮೀಟರ್ ಉದ್ದದ ಈ ಸೇತುವೆಗೆ ನಾಲ್ಕನೆಯ ಚಾರ್ಲ್ಸ್ ದೊರೆ 1357ನೆಯ ಇಸವಿಯ 7ನೆಯ ತಿಂಗಳ 9ನೆಯ ದಿನ, ಬೆಳಗ್ಗೆ 5 ಗಂಟೆ 31 ನಿಮಿಷಕ್ಕೆ ಅಡಿಗಲ್ಲು ಇಟ್ಟನೆಂದು ಐತಿಹ್ಯ: ಅಂಕಿಗಳನ್ನು ಅಲ್ಲಿನ ಕ್ರಮದಲ್ಲಿ ಬರೆದರೆ 135797531, ಹಿಂದಿನಿಂದ ಓದಿದರೂ ಅದೇ. ಮುಹೂರ್ತ ನೋಡುವುದರಲ್ಲಿ ನಾವೊಬ್ಬರೇ ಅಲ್ಲ. ಮೂವತ್ತು ಪ್ರತಿಮೆಗಳಲ್ಲಿ ಹಳೆಯದು 1683ರದ್ದು, ಸಂತ ನೆಪೋಮುಕ್‌ನದು; 1393ರಲ್ಲಿ ಅವನನ್ನು ಇದೇ ಸೇತುವೆಯಿಂದ ನದಿಗೆ ಎಸೆದಿದ್ದರು. ಹಳೆಯ ಊರಿನಿಂದ ಕೋಟೆಯ ಕಡೆ ನಡೆಯುವಾಗ ಬಲಗಡೆಯ ಎಂಟನೆಯದು ಅವನದು, ಕೆಳಗಿನ ಫಲಕ ಭಕ್ತರ ಕೈತಾಗಿ ಚಿನ್ನದಂತೆ ಹೊಳೆಯುತ್ತದೆ.

ಚೌಕದ ಖಗೋಳ ಗಡಿಯಾರ 1410ರದ್ದು. ಗಂಟೆಗೊಮ್ಮೆ ಕಿಟಕಿಗಳಲ್ಲಿ ಯೇಸುವಿನ ಶಿಷ್ಯರ ಬೊಂಬೆಗಳು ಸುತ್ತುತ್ತವೆ, ಅಸ್ಥಿಪಂಜರ ಗಂಟೆ ಬಾರಿಸುತ್ತದೆ, ಕೊನೆಗೆ ಹುಂಜ ಕೂಗುತ್ತದೆ. ಒಂದು ನಿಮಿಷದೊಳಗೆ ಮುಗಿಯುತ್ತದೆ. ಬೆಳಗಿನ 9ರ ಸುತ್ತಿಗೆ ಹೋದರೆ ಕತ್ತು ಚಾಚದೆ ನೋಡಬಹುದು.

ಯೆಹೂದಿ ಕೇರಿಯಾದ ಯೋಸೆಫೊವ್‌ಗೆ ಅರ್ಧ ದಿನ ಇಡಿ. ಶನಿವಾರ ಮತ್ತು ಯೆಹೂದಿ ಹಬ್ಬಗಳಂದು ಅಲ್ಲಿನ ವಸ್ತುಸಂಗ್ರಹಾಲಯಗಳು ಮುಚ್ಚಿರುತ್ತವೆ, ಪಾಸ್ಕ ಹಬ್ಬ ಬರುವುದು ವಸಂತದಲ್ಲೇ ಎಂಬುದನ್ನು ಮರೆಯಬಾರದು. ಪಿಂಕಾಸ್ ಮಂದಿರದ ಗೋಡೆಗಳ ಮೇಲೆ ನಾಜಿಗಳು ಕೊಂದ, ಇಂದಿನ ಚೆಕ್ ದೇಶದ ಭಾಗಗಳಾದ ಬೊಹೆಮಿಯಾ ಮತ್ತು ಮೊರಾವಿಯಾದ ಸುಮಾರು 80,000 ಯೆಹೂದಿಗಳ ಹೆಸರುಗಳನ್ನು ಕೈಯಿಂದ ಬರೆದಿದ್ದಾರೆ. ಇದನ್ನು ದಿನದ ಮೊದಲ ಕಾರ್ಯಕ್ರಮವಾಗಿ ಇಡಬೇಡಿ. ನೋಡಿ ಬಂದ ಮೇಲೆ ಇಬ್ಬರಿಗೂ ಸ್ವಲ್ಪ ಹೊತ್ತು ಮಾತಾಡುವುದು ಬೇಡವೆನಿಸುತ್ತದೆ, ಅದಕ್ಕೆ ಬಿಡುವಿರಲಿ.

ಒಂಬತ್ತನೆಯ ಹೆಜ್ಜೆ: ಅರ್ಧ ದಿನ ಬೇರೆ ಬೇರೆ

ನಾಲ್ಕು ದಿನ ಇಬ್ಬರೂ ಅಂಟಿಕೊಂಡೇ ಇರಬೇಕೆಂಬ ನಿಯಮವಿಲ್ಲ. ಮೂರನೆಯ ದಿನ ನಾನು ಲೆತ್ನಾ ಬಯಲಿನ ಪಕ್ಕದ ರಾಷ್ಟ್ರೀಯ ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಹೋದೆ, ಅಕ್ಕ ಲೆತ್ನಾ ಉದ್ಯಾನದ ಬೆಂಚಿನ ಮೇಲೆ ಕುಳಿತು ನದಿಯ ಮೇಲಿನ ಸೇತುವೆಗಳ ಸಾಲನ್ನು ನೋಡುತ್ತಿದ್ದಳು. ವಸ್ತುಸಂಗ್ರಹಾಲಯಕ್ಕೆ ಸೋಮವಾರ ರಜೆ. ಅದರ ವಾಹನಗಳ ಸಭಾಂಗಣದಲ್ಲಿ ಹಳೆಯ ಕಾರುಗಳು, ರೈಲು ಎಂಜಿನ್ನುಗಳು, ಮೋಟರ್‌ಸೈಕಲ್‌ಗಳಿವೆ, ಚಾವಣಿಯಿಂದ ವಿಮಾನಗಳು ತೂಗುತ್ತಿವೆ. ಮೈಸೂರಿನವರಿಗೆ ಈ ಊರಿನೊಂದಿಗೆ ಒಂದು ನಂಟಿದೆ: 1929ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದ ಜಾವಾ ಬೈಕುಗಳನ್ನೇ 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸಿತು, 1973ರಿಂದ ಅವು ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು, 1996ರಲ್ಲಿ ಕಾರ್ಖಾನೆ ಮುಚ್ಚಿತು. ನಮ್ಮ ಭಾವನವರ ಜಾವಾ ಇನ್ನೂ ಮನೆಯ ಹಿಂದೆ ಗೋಣಿ ಹೊದ್ದು ನಿಂತಿದೆ.

ಬೇರೆಯಾಗುವ ಮುನ್ನ ಮೂರು ವಿಷಯ ಗೊತ್ತಾಗಿರಲಿ. ಮತ್ತೆ ಸೇರುವ ಜಾಗ ಒಂದು ಟ್ರಾಮ್ ನಿಲ್ದಾಣವಾಗಿರಬೇಕು, ಯಾವ ದಿಕ್ಕಿನ ನಿಲ್ದಾಣವೆಂದೂ ತೋರಿಸಿರಬೇಕು. ಉಳಿದಿರುವ ಮನೆಯ ವಿಳಾಸ ಒಂದು ಚೀಟಿಯಲ್ಲಿ ಬರೆದು ಇಬ್ಬರ ಜೇಬಿನಲ್ಲೂ ಇರಬೇಕು. ತುರ್ತಿಗೆ 112 ಸಂಖ್ಯೆ. 'ಗಡಿಯಾರದ ಕೆಳಗೆ ಸಿಗೋಣ' ಎಂದವರು ಸಾವಿರ ಜನರ ನಡುವೆ ಹುಡುಕಾಡಬೇಕಾಗುತ್ತದೆ.

ಹತ್ತನೆಯ ಹೆಜ್ಜೆ: ಊಟ

ಚೆಕ್ ಅಡುಗೆ ಮಾಂಸಪ್ರಧಾನ. ಸಸ್ಯಾಹಾರಿಗಳು 'ಬೆಜ್ ಮಾಸಾ' ಎಂಬ ಎರಡು ಪದ ಕಲಿತಿರಬೇಕು. 'ಮಾಂಸವಿಲ್ಲದೆ' ಎಂದರ್ಥ, ಆ ಪದದಲ್ಲಿ ನಮ್ಮ ಮಾಂಸವೇ ಅಡಗಿದೆ. ಆದರೂ ತರಕಾರಿ ಸಾರಿಗೆ ಮಾಂಸದ ಬಸಿ ಹಾಕಿರಬಹುದು, 'ಬ್ರಾಂಬೊರಾಕ್' ಎಂಬ ಆಲೂಗಡ್ಡೆಯ ದೋಸೆಯನ್ನು ಹಂದಿಕೊಬ್ಬಿನಲ್ಲಿ ಕರಿದಿರಬಹುದು. ಪ್ರತಿ ಬಾರಿಯೂ ಕೇಳಬೇಕು. ಕರಿದ ಚೀಸಿನ 'ಸ್ಮಾಜೆನೀ ಸೀರ್' ಎಲ್ಲೆಡೆ ಸಿಗುತ್ತದೆ, ಒಂದು ಹೊತ್ತಿಗೆ ಚೆನ್ನ, ಎರಡನೆಯ ಹೊತ್ತಿಗೆ ಬೇಡವಾಗುತ್ತದೆ. ಹಣ್ಣು ತುಂಬಿಸಿ ಬೇಯಿಸಿದ ಸಿಹಿ ಕಡುಬು, 'ಒವೊಸ್ನೆ ಕ್ನೆದ್ಲೀಕಿ', ನಮ್ಮ ನಾಲಿಗೆಗೆ ಕೂಡಲೇ ಒಗ್ಗುತ್ತದೆ. ಬೀದಿಯಲ್ಲಿ ಸುಟ್ಟು ಮಾರುವ 'ತ್ರ್ದೆಲ್ನೀಕ್' ಸುರುಳಿಯನ್ನು ಪ್ರಾಗ್‌ನ ಪುರಾತನ ತಿಂಡಿ ಎನ್ನುತ್ತಾರೆ. ಅದು ಪ್ರವಾಸಿಗರೊಂದಿಗೆ ಬಂದ ಪುರಾತನತೆ. ನಲ್ಲಿಯ ನೀರು ಕುಡಿಯಬಹುದು.

ಉಳಿದ ಹೊತ್ತಿಗೆ ಮನೆಯ ಒಲೆಯೇ ಗತಿ. ಅಕ್ಕ ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ತಂದಿದ್ದಳು. ತುಪ್ಪದ ಡಬ್ಬಿಯನ್ನು ನಾನೇ ಬೇಡವೆಂದಿದ್ದೆ: ಒಕ್ಕೂಟದ ಹೊರಗಿನಿಂದ ಬರುವವರು ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ತರುವಂತಿಲ್ಲ. ಶನಿವಾರ ಬೆಳಗ್ಗೆ ನದಿದಡದ ನಾಪ್ಲಾವ್ಕಾದಲ್ಲಿ ರೈತರ ಸಂತೆ ಸೇರುತ್ತದೆ. ಅಲ್ಲಿ ಕೊಂಡ ಎಳೆಯ ಶತಾವರಿ ಕುಡಿಗಳನ್ನು ಅಕ್ಕ ಒಣಮೆಣಸು, ಸಾಸಿವೆಯ ಒಗ್ಗರಣೆಯಲ್ಲಿ ಪಲ್ಯ ಮಾಡಿದಳು. ಪ್ರಾಗ್‌ನಲ್ಲಿ ನಾನುಂಡ ಒಳ್ಳೆಯ ಊಟ ಅದೇ.

ಕೊನೆಯ ಹೆಜ್ಜೆ: ಹೊರಡುವ ದಿನ

ಕೊನೆಯ ದಿನಕ್ಕೆ ವಿಷೆಹ್ರಾದ್ ಇಟ್ಟುಕೊಳ್ಳಿ. 'ಸಿ' ಮೆಟ್ರೋದಲ್ಲಿ ಅದೇ ಹೆಸರಿನ ನಿಲ್ದಾಣಕ್ಕೆ ಹೋದರೆ ನೀವು ಆಗಲೇ ಎತ್ತರದಲ್ಲಿರುತ್ತೀರಿ, ಹತ್ತು ಹದಿನೈದು ನಿಮಿಷದ ನಡಿಗೆಯಲ್ಲಿ ಕೋಟೆಯೊಳಗಿರುತ್ತೀರಿ. ಸಂಗೀತಕಾರರಾದ ಸ್ಮೆತಾನಾ, ದ್ವೋರ್ಜಾಕ್ ಮತ್ತು ಚಿತ್ರಕಾರ ಮೂಖಾ ಅವರ ಸಮಾಧಿಗಳು ಅಲ್ಲಿನ ಸ್ಮಶಾನದಲ್ಲಿವೆ. ಪ್ರಾಕಾರದ ಮೇಲಿಂದ ಕಾಣುವ ನದಿಯ ತಿರುವನ್ನು ನೋಡಲು ಟಿಕೆಟ್ಟೂ ಇಲ್ಲ, ಗುಂಪೂ ಇಲ್ಲ. ರೈಲಿನಲ್ಲಿ ಮರಳುವವರಿಗೆ ಇದೇ 'ಸಿ' ಮಾರ್ಗ ನೇರವಾಗಿ ಮುಖ್ಯ ನಿಲ್ದಾಣಕ್ಕೆ ಒಯ್ಯುತ್ತದೆ, ಸಾಮಾನನ್ನು ಬೆಳಗ್ಗೆಯೇ ಅಲ್ಲಿನ ಲಾಕರಿನಲ್ಲಿ ಇಟ್ಟು ಬಂದಿರಬಹುದು. ಮರಳುವಾಗ ನದಿ ಬಲಬದಿಯ ಕಿಟಕಿಗೆ ಬರುತ್ತದೆ.

ಉಳಿದ ಕೊರುನಾ ನೋಟುಗಳನ್ನು ಬದಲಾಯಿಸಬಹುದು, ಚಿಲ್ಲರೆಯನ್ನು ಸಾಮಾನ್ಯವಾಗಿ ಯಾರೂ ತೆಗೆದುಕೊಳ್ಳುವುದಿಲ್ಲ. ನಮ್ಮಲ್ಲಿ ಉಳಿದ ನಾಣ್ಯಗಳನ್ನೆಲ್ಲ ಅಕ್ಕ ನಿಲ್ದಾಣದ ಬೇಕರಿಯ ಕಟ್ಟೆಯ ಮೇಲೆ ಸುರಿದು ಎಣಿಸಿದಳು. ಗಸಗಸೆಯ ಎರಡು ಬನ್ನು ಬಂದವು, ಒಂದು ಕೊರುನಾ ಉಳಿಯಿತು.